ಎರಡು ತೊಟ್ಟಿಲಿಗೆ ಒಂದೇ ಲೆಕ್ಕ

ನಮ್ಮ ಸರ್ಕಾರಕ್ಕೆ ಒಂದು ಎರಡು ಎಣಿಸಲು ಬರುವುದಿಲ್ಲವೆಂದರೆ ಅನ್ಯಾಯವಾದೀತು. ಬರುತ್ತದೆ. ಆದರೆ ಆ ಎಣಿಕೆ ನೆನಪಾಗುವುದು ಕಡಿತ ಮಾಡುವ ಹೊತ್ತಿಗೆ. ಕೊಡುವ ಹೊತ್ತಿಗೆ ಮರೆತುಹೋಗುತ್ತದೆ. ಹೆರಿಗೆ ರಜೆಯನ್ನೇ ನೋಡಿ. 1961ರ ಪ್ರಸೂತಿ ಸೌಲಭ್ಯ ಕಾಯಿದೆಯನ್ನು 2017ರಲ್ಲಿ ತಿದ್ದಿ, ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದರು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ಅಳತೆಯನ್ನು ಉಳಿಸಿಕೊಂಡಿತು. ಒಳ್ಳೆಯದೇ ಆಯಿತು. ಆದರೆ ಹೆತ್ತವಳಿಗೆ ಒಂದು ಕೂಸಾದರೂ 26 ವಾರ, ಅವಳಿ ಕೂಸುಗಳಾದರೂ 26 ವಾರ. ಇಲ್ಲಿ ಕಾನೂನು ಎಣಿಸುವುದು ಹೆರಿಗೆಯನ್ನು, ಮಕ್ಕಳನ್ನಲ್ಲ. ಅದೇ ತಾಯಿ ನಾಲ್ಕು ವರ್ಷದ ಮೇಲೆ ಮತ್ತೆ ಬಸಿರಾಗಲಿ, ಆಗ ಕಾನೂನು ಹೆರಿಗೆಯನ್ನು ಬಿಟ್ಟು ಮಕ್ಕಳ ತಲೆ ಎಣಿಸತೊಡಗುತ್ತದೆ. ಬದುಕಿರುವ ಮಕ್ಕಳು ಎರಡು; ಆದ್ದರಿಂದ ನಿನಗೆ 12 ವಾರ ಸಾಕು ಎನ್ನುತ್ತದೆ. ಕೇಂದ್ರ ಸರ್ಕಾರದ ನೌಕರಳಾದರೆ ಇನ್ನೂ ಬಿಗಿ. ಎರಡು ಮಕ್ಕಳಿಗಿಂತ ಕಡಿಮೆ ಇದ್ದವಳಿಗೆ ಮಾತ್ರ 180 ದಿನಗಳ ಆ ರಜೆ. ಮೊದಲ ಹೆರಿಗೆಯಲ್ಲೇ ಅವಳಿ ಪಡೆದವಳು ಒಂದೇ ರಜೆಯಲ್ಲಿ ಎರಡು ಹಕ್ಕನ್ನೂ ಕಳೆದುಕೊಂಡಂತೆ.

ರಾಜಕೀಯ ಪತ್ರಿಕೆಯೊಂದು ಬಸಿರು ಬಾಣಂತನದ ಮಾತೆತ್ತಿದ್ದಕ್ಕೆ ಕೆಲವು ವಾಚಕರು ಹುಬ್ಬೇರಿಸಬಹುದು. ಇದು ಹೆಂಗಸರ ವಿಷಯ, ಅಡಿಗೆಮನೆಯ ಒಳಗಿನ ಮಾತು ಎನ್ನುವವರು ನಮ್ಮ ಗೆಳೆಯರಲ್ಲೂ ಇದ್ದಾರೆ. ಭತ್ತದ ಬೆಲೆ ರಾಜಕೀಯವಾದರೆ ಆ ಭತ್ತವನ್ನು ನಾಟಿ ಮಾಡುವವಳ ಸೊಂಟದ ನೋವೂ ರಾಜಕೀಯವೇ ಎಂಬುದು ನಮ್ಮ ನಿಲುವು. ಅವಳಿ ಬಸಿರೆಂಬುದು ಒಂದು ಅಪರೂಪದ ಸಂಗತಿ, ಅದಕ್ಕಾಗಿ ಕಾನೂನು ಬೇರೆ ಬೇಕೆ ಎಂದು ಕೇಳುವವರಿಗೆ ಹೇಳುವುದಿಷ್ಟು: 2021ರಲ್ಲಿ ಪ್ರಕಟವಾದ ಒಂದು ಲೋಕವ್ಯಾಪಿ ಅಧ್ಯಯನದಂತೆ ಪ್ರಪಂಚದಲ್ಲಿ ಸಾವಿರ ಹೆರಿಗೆಗೆ ಸುಮಾರು 12 ಅವಳಿ ಹೆರಿಗೆಗಳು; ಹುಟ್ಟುವ 42 ಮಕ್ಕಳಲ್ಲಿ ಒಂದು ಅವಳಿ. ನಮ್ಮ ದಕ್ಷಿಣ ಏಷ್ಯದಲ್ಲಿ ಈ ಪ್ರಮಾಣ ಕಡಿಮೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಡಿಂಜಿಯಂಥ ಊರಿನಲ್ಲಿ ಮಾತ್ರ ಬೀದಿಗೆ ಬೀದಿಯೇ ಅವಳಿ ಮಕ್ಕಳು. ಕಾರಣವೇನೆಂದು ಪಂಡಿತರು ಇನ್ನೂ ತಲೆ ತುರಿಸಿಕೊಳ್ಳುತ್ತಿದ್ದಾರೆ. ನಮ್ಮ ಕಡೆಯ ಅಜ್ಜಿಯರಿಗಾದರೋ ಕಾರಣ ಎಂದೋ ಗೊತ್ತು: ಜೋಡಿ ಬಾಳೆಹಣ್ಣು ತಿಂದದ್ದು! ಪಟ್ಟಣಗಳಲ್ಲಿ ಬಂಜೆತನದ ಚಿಕಿತ್ಸೆಯಿಂದ ಅವಳಿಗಳು ಹೆಚ್ಚುತ್ತಿವೆ. ಆ ಚಿಕಿತ್ಸೆಗೆ ಲಕ್ಷಗಟ್ಟಲೆ ಸುರಿಯಬಲ್ಲವರು ಆಯಾಗಳನ್ನೂ ಇಟ್ಟುಕೊಳ್ಳಬಲ್ಲರು. ಅವರ ಚಿಂತೆ ನಮಗಿಲ್ಲ. ಹಣವಿಲ್ಲದ ಮನೆಗೆ ಕೇಳದೆಯೇ ಬರುವ ಅವಳಿಯ ಮಾತು ನಮ್ಮದು.

ಆ ಸುದ್ದಿ ಮನೆಗೆ ಬರುವ ಬಗೆಯನ್ನು ಬಲ್ಲವರೇ ಬಲ್ಲರು. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದ ವೈದ್ಯರು ‘ಎರಡಿವೆ’ ಎನ್ನುತ್ತಾರೆ. ಗಂಡನ ಮುಖದಲ್ಲಿ ಮೊದಲು ನಗು, ಬಸ್ಸಿನಲ್ಲಿ ಕೂತ ಮೇಲೆ ಲೆಕ್ಕ. ಊರಿಗೆ ಮುಟ್ಟುವ ಹೊತ್ತಿಗೆ ಅರ್ಧ ಊರಿಗೆ ಗೊತ್ತಾಗಿರುತ್ತದೆ. ರಾಮ ಲಕ್ಷ್ಮಣರೋ ಲವ ಕುಶರೋ ಎಂದು ಹೆಸರಿಡುವವರು ಜಗುಲಿಯ ಮೇಲೆ ಸಿದ್ಧ. ಒಂದೇ ಖರ್ಚಿನಲ್ಲಿ ಎರಡು ಕೆಲಸ ಮುಗಿಯಿತಲ್ಲ ಮಾರಾಯ ಎಂದು ಬೆನ್ನು ತಟ್ಟುವವರೂ ಉಂಟು. ಇಟ್ಟ ಹೆಸರುಗಳೆಲ್ಲ ಗಂಡು ಹೆಸರುಗಳೇ ಎಂಬುದನ್ನು ಒಳಗೆ ಒಲೆಯ ಮುಂದೆ ಕೂತವಳು ಗಮನಿಸಿರುತ್ತಾಳೆ. ಎರಡೂ ಹೆಣ್ಣಾದರೆ ಎಂಬ ಪಿಸುಮಾತು ಅಂದಿನಿಂದಲೇ ಶುರು. ಗರ್ಭದ ಲಿಂಗ ಪತ್ತೆಯನ್ನು 1994ರ ಕಾಯಿದೆ ನಿಷೇಧಿಸಿದೆ. ವೈದ್ಯರು ಹೇಳುವಂತಿಲ್ಲ, ಕೇಳುವಂತೆಯೂ ಇಲ್ಲ. ಪಿಸುಮಾತನ್ನು ನಿಷೇಧಿಸುವ ಕಾಯಿದೆ ಯಾವ ಶಾಸನಸಭೆಯಲ್ಲೂ ಆಗಿಲ್ಲ. ಆರೇಳು ತಿಂಗಳು ಆ ಹೆಂಗಸು ಎರಡು ಜೀವದ ಜೊತೆಗೆ ಈ ಭಯವನ್ನೂ ಹೊರುತ್ತಾಳೆ.

ನಮಗೆ ಪರಿಚಯದ ಒಂದು ಕುಟುಂಬವಿದೆ. ಮಲೆನಾಡಿನ ಅಂಚಿನಲ್ಲಿ ಒಂದೂವರೆ ಎಕರೆ ಜಮೀನು; ಉಳಿದದ್ದು ಕೂಲಿ. ಗಂಡ ಮರ ಹತ್ತಿ ಕೊನೆ ಇಳಿಸುತ್ತಾನೆ, ಹೆಂಡತಿ ಅಡಿಕೆ ಸುಲಿಯಲು ಹೋಗುತ್ತಾಳೆ. ಸುಗ್ಗಿಯ ಕಾಲದಲ್ಲಿ ಸುಲಿಗೆಯ ಕೂಲಿಯೇ ಆ ಮನೆಗೆ ವರ್ಷದ ಬಟ್ಟೆ, ಮಕ್ಕಳ ಪುಸ್ತಕ, ಅಂಗಡಿಯ ಬಾಕಿ. ಸುಲಿದಷ್ಟಕ್ಕೆ ಕೂಲಿ, ಕೂತಷ್ಟು ಹೊತ್ತಿಗಲ್ಲ. ಮೆಟ್ಟುಗತ್ತಿಯ ಮುಂದೆ ಕಾಲು ಮಡಿಸಿ ಬಗ್ಗಿ ಕೂರಬೇಕು. ಒಂದು ಕೂಸಿನ ಬಸುರಿ ಏಳೆಂಟು ತಿಂಗಳವರೆಗೂ ಹೇಗೋ ಕೂತಾಳು. ಅವಳಿ ಹೊತ್ತವಳ ಹೊಟ್ಟೆ ಆರನೆಯ ತಿಂಗಳಿಗೇ ಉಳಿದವರ ಎಂಟನೆಯ ತಿಂಗಳಿನಂತಾಗಿರುತ್ತದೆ. ಕಾಲು ಬಾವು, ಉಸಿರು ಮೇಲೆ ಕೆಳಗೆ. ಅವಳು ಕತ್ತಿ ಬಿಟ್ಟು ಎದ್ದ ದಿನ ಮನೆಯ ಆದಾಯದಲ್ಲಿ ಅರ್ಧ ಎದ್ದುಹೋಯಿತು. ಅದಕ್ಕೆ ರಜೆಯಿಲ್ಲ, ಸಂಬಳವಿಲ್ಲ. 26 ವಾರವೆಂದು ನಾವು ಮೇಲೆ ಬರೆದದ್ದು ಅವಳ ಪಾಲಿಗೆ ಬೇರೆ ದೇಶದ ವರ್ತಮಾನ. ಕಾಯಿದೆ ಇರುವುದು ಕಾರ್ಖಾನೆಗೆ, ತೋಟದ ಕಂಪೆನಿಗೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಅಂಗಡಿ ಮುಂಗಟ್ಟಿಗೆ. ಹತ್ತು ಮನೆಯ ಅಂಗಳದಲ್ಲಿ ಹತ್ತು ದಿನ ದುಡಿಯುವವಳ ಮಾಲಿಕ ಯಾರು? ಅವಳ ಹಾಜರಿ ಪುಸ್ತಕ ಎಲ್ಲಿದೆ?

ಆ ಮನೆಯಲ್ಲಿ ಅತ್ತೆ ಕೆಟ್ಟವಳಲ್ಲ. ‘ನಾ ಆರು ಹೆತ್ತವಳು ಕಣೆ, ಹೆರೋ ಹಿಂದಿನ ದಿನದವರೆಗೂ ಗದ್ದೇಲಿದ್ದೆ’ ಎಂದು ಅವರು ಹೇಳುವುದು ಹೀಯಾಳಿಸಲಿಕ್ಕಲ್ಲ, ಧೈರ್ಯ ತುಂಬಲಿಕ್ಕೆ. ಆ ಆರರಲ್ಲಿ ಉಳಿದವು ಮೂರು ಎಂಬುದನ್ನು ಮಾತ್ರ ಅವರು ಬೇರೆ ಮಾತಿನ ನಡುವೆ, ಬೇರೆ ದಿನ ಹೇಳುತ್ತಾರೆ.

ಉಣ್ಣುವ ವಿಷಯಕ್ಕೆ ಬಂದರೆ ಹಳೆಯ ನಂಬಿಕೆ, ಹೊಸ ಯೋಜನೆ ಎರಡೂ ಅವಳ ತಟ್ಟೆಗೆ ಅಡ್ಡ ಬರುತ್ತವೆ. ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಹಿರಿಯರು ಅಳೆದು ಬಡಿಸುತ್ತಾರೆ. ಅವಳಿಯ ವಿಚಾರದಲ್ಲಿ ಇದು ತೀರ ತಲೆಕೆಳಗಾದ ಮಾತು. ಅಲ್ಲಿ ಇರುವ ಅಪಾಯ ಕೂಸು ದಪ್ಪವಾಗುವುದಲ್ಲ, ತೂಕವಿಲ್ಲದೆ ಹುಟ್ಟುವುದು. ತಾಯಿಯ ರಕ್ತ ಎರಡು ಪಾಲಾಗಿ ಅವಳೇ ಬಿಳಿಚಿಕೊಳ್ಳುವುದು. ಕಬ್ಬಿಣದ ಮಾತ್ರೆಯನ್ನು ಆಶಾ ಕಾರ್ಯಕರ್ತೆ ಮನೆಗೇ ತಂದುಕೊಡುತ್ತಾಳೆ. ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಅರ್ಧ ಮಾತ್ರೆಗಳು ಸೂರಿನ ಸಂದಿ ಸೇರುತ್ತವೆ. ಊಟದ ನಂತರ ತೆಗೆದುಕೊ, ಚಹಾದೊಂದಿಗೆ ಬೇಡ ಎಂದು ಸಮಾಧಾನದಿಂದ ಹೇಳಲು ಆ ಕಾರ್ಯಕರ್ತೆಗೆ ಸರ್ಕಾರ ಪುರಸೊತ್ತನ್ನೇ ಉಳಿಸಿಲ್ಲ.

ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ತಂದಿತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಯೋಜನೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಬಸುರಿಗೆ ಬಡಿಸಿದ ಮೊಟ್ಟೆ ಅವಳೇ ತಿನ್ನಲಿ, ಮನೆಗೆ ಒಯ್ದರೆ ಗಂಡಸರ ಮತ್ತು ಮಕ್ಕಳ ಪಾಲಾಗುತ್ತದೆ ಎಂದು ಅಂಗನವಾಡಿಗೇ ಬಂದು ಉಣ್ಣಬೇಕೆಂಬ ವಿಧಿ ಮಾಡಿದರು. ಆ ತರ್ಕದಲ್ಲಿ ಸತ್ಯವಿದೆ. ಆದರೆ ವಿಧಿ ಬರೆದವರು ಬಯಲು ಸೀಮೆಯ ಊರನ್ನು ಕಣ್ಣ ಮುಂದಿಟ್ಟುಕೊಂಡಿದ್ದಿರಬೇಕು. ಮಲೆನಾಡಿನಲ್ಲಿ ಮನೆ ಒಂದು ಗುಡ್ಡದ ಮೇಲೆ, ಅಂಗನವಾಡಿ ಇನ್ನೊಂದು ಗುಡ್ಡದ ಬುಡದಲ್ಲಿ. ನಡುವೆ ಹಳ್ಳ, ಸಂಕ, ಆಷಾಢದ ಜಾರು. ಹೆಚ್ಚು ಓಡಾಡಬೇಡ ಎಂದು ವೈದ್ಯರು ಹೇಳಿದ ಅವಳಿ ಬಸುರಿ ಒಂದು ಊಟಕ್ಕಾಗಿ ಹೋಗಿಬರಲು ಮೂರು ಮೈಲಿ ನಡೆಯಬೇಕೆ? ಊರಿಗೊಂದರಂತೆಯೂ ಇಲ್ಲದ ಇಂಥ ಬಸುರಿಯರಿಗೆ ಊಟವನ್ನು ಮನೆಗೆ ಮುಟ್ಟಿಸುವುದು ಅಸಾಧ್ಯವಲ್ಲ. ತಟ್ಟೆಗೆ ಎರಡು ಮೊಟ್ಟೆ ಹಾಕುವುದೂ ಅಸಾಧ್ಯವಲ್ಲ. ಬೇಕಾದದ್ದು ಒಂದು ಸಾಲಿನ ಆದೇಶ.

2013ರ ಆಹಾರ ಭದ್ರತಾ ಕಾಯಿದೆ ಪ್ರತಿ ಬಸುರಿ ಬಾಣಂತಿಗೂ 6,000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ಭತ್ಯೆಯ ಮಾತು ಕೊಟ್ಟಿತ್ತು. 2017ರಲ್ಲಿ ಬಂದ ಮಾತೃವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ 5,000 ಎಂದು ಕಿರಿದು ಮಾಡಿತು. 2022ರಿಂದ ಎರಡನೆಯದು ಹೆಣ್ಣಾದರೆ ಮಾತ್ರ 6,000 ಎಂದು ಸೇರಿಸಿತು. ಪಾರ್ಲಿಮೆಂಟು ಪ್ರತಿಯೊಬ್ಬರಿಗೆ ಎಂದದ್ದು ಇಲಾಖೆಯ ಮೇಜಿಗೆ ಬರುವಷ್ಟರಲ್ಲಿ ಕೆಲವರಿಗೆ ಎಂದಾಗುವುದು ನಮ್ಮಲ್ಲಿ ಹೊಸದೇನಲ್ಲ.

ವೈದ್ಯಕೀಯದ ಒಂದೆರಡು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದು ಪ್ರಾಣದ ಪ್ರಶ್ನೆ. ಅವಳಿಗಳಲ್ಲಿ ಎರಡು ಬಗೆ. ಎರಡು ಬೇರೆ ಬೇರೆ ಅಂಡಗಳಿಂದ ಬಂದವು ಕೆಲವು. ಒಂದೇ ಅಂಡ ಒಡೆದು ಎರಡಾದವು ಕೆಲವು. ಎರಡನೆಯ ಬಗೆಯಲ್ಲಿ ಎಷ್ಟೋ ಸಲ ಎರಡೂ ಕೂಸುಗಳಿಗೆ ಮಾಸು ಒಂದೇ ಇರುತ್ತದೆ. ಆಗ ಒಂದರ ರಕ್ತ ಇನ್ನೊಂದಕ್ಕೆ ಹರಿದು, ಒಂದು ಸೊರಗಿ ಇನ್ನೊಂದು ಉಬ್ಬುವ ಅಪಾಯವುಂಟು. ಮಾಸು ಒಂದೋ ಎರಡೋ ಎಂಬುದು ಸರಿಯಾಗಿ ಗೊತ್ತಾಗುವುದು ಮೂರನೆಯ ತಿಂಗಳ ಸುಮಾರಿನ ಸ್ಕ್ಯಾನಿಂಗಿನಲ್ಲಿ. ಆರನೆಯ ತಿಂಗಳಲ್ಲಿ ಮೊದಲ ಬಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳಿಗೆ ಆ ಅವಕಾಶ ತಪ್ಪಿತು. ಇನ್ನು, ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಅಂದರೆ ಮನೆಯವರು ಲೆಕ್ಕ ಹಾಕಿಟ್ಟ ತಾರೀಖಿಗೆ ಮೂರು ನಾಲ್ಕು ವಾರ ಮುಂಚೆಯೇ ನೋವು ಬರಬಹುದು. ಏಳಕ್ಕೆ ಸೀಮಂತ, ಬಳೆ ತೊಡಿಸಿ ತವರಿಗೆ ಕಳಿಸುವುದು ನಮ್ಮ ಪದ್ಧತಿ. ತವರಿನ ಅಕ್ಕರೆಗೆ ನಾವು ವಿರೋಧಿಗಳಲ್ಲ. ಬಾಣಂತಿಗೆ ಎಣ್ಣೆ ನೀರು ಹಾಕುವ ತಾಯಿಯ ಕೈಗೆ ಬದಲಿ ಯಾವ ಆಸ್ಪತ್ರೆಯಲ್ಲೂ ಇಲ್ಲ. ಆದರೆ ತವರು ಆಸ್ಪತ್ರೆಯಿಂದ ಐವತ್ತು ಮೈಲಿ ದೂರವಿದ್ದರೆ ತಾಯಿಯೇ ಮಗಳಿರುವಲ್ಲಿಗೆ ಬರಲಿ. ಅವಳಿ ಬಸುರಿಗೆ ಊರು ಆರಿಸಬೇಕಾದದ್ದು ನವಜಾತ ಶಿಶುಗಳ ವಿಶೇಷ ಘಟಕವಿರುವ ಜಿಲ್ಲಾ ಆಸ್ಪತ್ರೆಯ ದೂರವನ್ನು ನೋಡಿ, ಪಂಚಾಂಗವನ್ನಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ, ಸಿಸೇರಿಯನ್ ಆದರೂ, ಕಾಸು ಕೊಡಬೇಕಿಲ್ಲ. ಔಷಧಿ, ರಕ್ತ, ಊಟ, ಬರುವ ಹೋಗುವ ವಾಹನ ಎಲ್ಲ ಉಚಿತವೆಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುತ್ತದೆ. ಕಾಯಿಲೆ ಬಿದ್ದ ಕೂಸಿಗೂ ಒಂದು ವರ್ಷದವರೆಗೆ ಉಚಿತ. ಪ್ರತಿ ತಿಂಗಳು 9ನೆಯ ತಾರೀಖಿಗೆ ವೈದ್ಯರಿಂದಲೇ ಬಸುರಿಯರ ತಪಾಸಣೆಯಾಗಬೇಕೆಂಬ ಏರ್ಪಾಟು 2016ರಿಂದ ಇದೆ. ಇವನ್ನು ವಾಚಕರು ಬಾಯಿಪಾಠ ಮಾಡಿಕೊಂಡಿರಬೇಕು, ಏಕೆಂದರೆ ವಾರ್ಡಿನ ಬಾಗಿಲಲ್ಲಿ ಕೈಚಾಚುವವರು ಮರೆತಿರುತ್ತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ. ಬಸುರಿ ಪುಕ್ಕಟೆ ಹೋದಾಳು. ಆದರೆ ಜೊತೆಗೆ ಹೋದ ಗಂಡನ ಟಿಕೆಟ್ಟು, ಅವನ ಒಂದು ದಿನದ ಕೂಲಿ? ಅವಳಿ ಬಸುರಿಗೆ ತಪಾಸಣೆ ತಿಂಗಳಿಗೊಂದಲ್ಲ, ಕೊನೆಗೆ ವಾರಕ್ಕೊಂದು ಆಗುತ್ತದೆ. ಹೀಗಾಗಿ ಅವಳು ಹೆಚ್ಚಾಗಿ ಒಬ್ಬಳೇ ಹೋಗುತ್ತಾಳೆ, ಅಥವಾ ಹೋಗುವುದನ್ನೇ ಬಿಡುತ್ತಾಳೆ.

ಒಬ್ಬಳೇ ಹೋಗದಿದ್ದರೆ ಜೊತೆಗೆ ಹೋಗುವವಳು ಯಾರು? ದೊಡ್ಡ ಮಗಳು. ಇಲ್ಲಿಯೇ ನಮಗೆ ಎಲ್ಲಕ್ಕಿಂತ ಹೆಚ್ಚಿನ ಕಳವಳ. ಮೇಲೆ ಹೇಳಿದ ಮನೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ತಾಯಿಗೆ ಎರಡು ಕೈ, ಕೂಸುಗಳು ಎರಡು, ಹಾಗಾದರೆ ಒಲೆಗೆ, ನೀರಿಗೆ, ದನಕ್ಕೆ ಕೈ ಎಲ್ಲಿಂದ ಬರಬೇಕು? ಯಾರೂ ಕೂತು ತೀರ್ಮಾನ ಮಾಡುವುದಿಲ್ಲ. ಮೊದಲು ಸೋಮವಾರ ಶಾಲೆ ತಪ್ಪುತ್ತದೆ, ಆಮೇಲೆ ವಾರ ತಪ್ಪುತ್ತದೆ. ಕೊನೆಗೆ ಮೇಷ್ಟರು ಬಂದು ಕೇಳಿದಾಗ ‘ಚಿಕ್ಕವು ಸ್ವಲ್ಪ ದೊಡ್ಡವಾಗಲಿ ಸಾರ್, ಕಳಿಸ್ತೀವಿ’ ಎಂಬ ಉತ್ತರ. ಚಿಕ್ಕವು ದೊಡ್ಡವಾಗುವಷ್ಟರಲ್ಲಿ ಅವಳು ಮದುವೆಗೆ ದೊಡ್ಡವಳಾಗಿರುತ್ತಾಳೆ. ಗಂಡು ಮಗ ದೊಡ್ಡವನಾಗಿದ್ದರೆ ಅವನನ್ನು ಶಾಲೆ ಬಿಡಿಸಿ ಕೂಸು ಎತ್ತಿಕೊಳ್ಳಲು ಹಚ್ಚಿದ ಮನೆಯನ್ನು ನಾವು ಈವರೆಗೆ ಕಂಡಿಲ್ಲ.

ಈ ಕೈಗಳ ಲೆಕ್ಕವನ್ನು ಗಂಟೆಗಳಲ್ಲಿ ಹಾಕಿ ನೋಡೋಣ. ಹುಟ್ಟಿದ ಕೂಸಿಗೆ ದಿನಕ್ಕೆ ಎಂಟು ಸಲವಾದರೂ ಹಾಲೂಡಿಸಬೇಕು. ಹನ್ನೆರಡು ಸಲವಾದರೂ ಆಶ್ಚರ್ಯವಿಲ್ಲ. ಒಂದು ಸಲಕ್ಕೆ ಅರ್ಧ ಗಂಟೆ. ಎರಡು ಕೂಸಿಗೆ ಹದಿನಾರು ಸಲ, ಎಂಟು ಗಂಟೆ. ಬಟ್ಟೆ ಒಗೆಯುವುದು, ಮೀಯಿಸುವುದು, ಮಲಗಿಸುವುದು, ಒಂದು ಮಲಗಿದಾಗ ಇನ್ನೊಂದು ಎಚ್ಚರಾಗುವುದು ಇದರಲ್ಲಿ ಸೇರಿಲ್ಲ. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಒಪ್ಪಂದವೇ ಆಯಿತು. ಇವಳ ಎಂಟು ಗಂಟೆ ಹಾಲೂಡಿಸುವುದರಲ್ಲೇ ಮುಗಿಯುತ್ತದೆ, ಉಳಿದ ದುಡಿಮೆ ಆಮೇಲೆ. ಎರಡು ಕೂಸುಗಳನ್ನೂ ಒಟ್ಟಿಗೆ ಎದೆಗೆ ಹಾಕಿಕೊಂಡರೆ ಹೊತ್ತು ಉಳಿಯುತ್ತದೆಂದು ತಿಳಿದ ದಾದಿಯರು ಹೇಳಿಕೊಡುತ್ತಾರೆ. ನಿಜ. ಆದರೆ ಎರಡನೆಯ ಕೂಸನ್ನು ಎತ್ತಿ ಕೊಡಲು, ತೇಗು ಬರಿಸಲು ಇನ್ನೊಬ್ಬರು ಪಕ್ಕದಲ್ಲಿರಬೇಕು.

ಕಾರ್ಖಾನೆಯ ತಾಯಿಗೆ ಕಾಯಿದೆ ಕೊಡುವ ಹಾಲೂಡಿಸುವ ಬಿಡುವು, ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ. ಅವಳಿಯಾದರೂ ಎರಡೇ ಸಲ. ಕೂಸಿಗೊಂದು ಬಿಡುವು ಎಂದು ಸಮಾಧಾನಪಟ್ಟುಕೊಳ್ಳಬೇಕೇನೋ!

ಹಾಲು ಸಾಲದು ಎಂಬ ಮಾತು ಮೊದಲು ಹೊರಡುವುದು ನೋಡಲು ಬಂದವರ ಬಾಯಿಂದ. ಎರಡಕ್ಕೆ ಎಲ್ಲಿ ಸಾಕಾಗುತ್ತೆ, ಡಬ್ಬಿ ತನ್ನಿ ಎನ್ನುತ್ತಾರೆ. ಕೂಸುಗಳು ಎಷ್ಟು ಹೀರುತ್ತವೋ ಅಷ್ಟು ಹಾಲು ಊರುವುದು ಪ್ರಕೃತಿಯ ನಿಯಮ. ಎರಡು ಕೂಸಿಗೂ ಸಾಲುವಷ್ಟು ಹಾಲು ಬಹುಪಾಲು ತಾಯಂದಿರಿಗೆ ಬರುತ್ತದೆ. ಬರಬೇಕಾದರೆ ಅವಳು ಉಣ್ಣಬೇಕು. ಒಂದು ಕೂಸಿಗೆ ಹಾಲೂಡಿಸುವವಳಿಗೇ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕೆಂದು ನಮ್ಮ ಪೌಷ್ಟಿಕ ತಜ್ಞರ ಲೆಕ್ಕ. ಪಥ್ಯವೆಂದು ಬರೀ ಅನ್ನ, ಮೆಣಸಿನ ಸಾರು ಕೊಟ್ಟು ಇಬ್ಬರ ಹಾಲು ಕೇಳಿದರೆ ಎಲ್ಲಿಂದ ತಂದಾಳು? ಡಬ್ಬಿ ಹಾಲಿನ ಜಾಹೀರಾತನ್ನು 1992ರ ಕಾಯಿದೆ ನಿಷೇಧಿಸಿದೆ. ಆದರೂ ಡಬ್ಬಿ ಮನೆ ಹೊಕ್ಕರೆ ಅದು ವಾರದ ಕೂಲಿಯನ್ನು ನುಂಗುತ್ತದೆ. ನುಂಗದಿರಲೆಂದು ನೀರು ಹೆಚ್ಚು ಬೆರೆಸುತ್ತಾರೆ. ಆ ನೀರಿನಿಂದ ಭೇದಿ. ವೈದ್ಯರೇ ತೂಕ ನೋಡಿ ಬೇಕೆಂದು ಹೇಳಿದ ಕೂಸಿನ ಮಾತು ಬೇರೆ.

ಗಂಡಸರಿಗೆ ಇದರಲ್ಲಿ ಮಾಡಲು ಏನೂ ಇಲ್ಲ ಎಂಬುದು ಸೋಮಾರಿಗಳ ವಾದ. 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದಾದವು. ಅಲ್ಲಿನ ವೈದ್ಯರು ತೂಕ ಕಡಿಮೆಯ ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿ ಕಾಪಾಡಿದರು. ಇಂದು ಲೋಕವೆಲ್ಲ ಆ ಪದ್ಧತಿಯನ್ನು ಒಪ್ಪಿದೆ, ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಇದೆ. ಅವಳಿಯಲ್ಲಿ ಒಂದು ತಾಯಿಯ ಎದೆಯ ಮೇಲಿದ್ದರೆ ಇನ್ನೊಂದು ತಂದೆಯ ಎದೆಯ ಮೇಲಿರಬಹುದು. ಬಿಸಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಕೊನೆ ಇಳಿಸುವ ಆ ನಮ್ಮ ಗೆಳೆಯ ಅಂಗಿ ಬಿಚ್ಚಿ, ಎರಡು ಸೇರಿನ ಮಗಳನ್ನು ಎದೆಗವಚಿಕೊಂಡು, ಅಲುಗಾಡಿದರೆ ಎಲ್ಲಿ ಬಿದ್ದೀತೋ ಎಂದು ಉಸಿರು ಬಿಗಿಹಿಡಿದು ಕೂತದ್ದನ್ನು ನೋಡಿ ವಾರ್ಡಿನ ಹೆಂಗಸರೆಲ್ಲ ನಕ್ಕರಂತೆ. ನಗಲಿ. ಕೇಂದ್ರ ಸರ್ಕಾರದ ನೌಕರನಿಗಾದರೆ ಪಿತೃತ್ವ ರಜೆ 15 ದಿನ. ಇವನಿಗೆ ಆ ಪ್ರತಿಯೊಂದು ದಿನವೂ ಕಳೆದ ಕೂಲಿ.

ಹಾಗಾದರೆ ಈ ಭಾರ ಯಾರು ಹೊರಬೇಕು? ಈ ಪ್ರಶ್ನೆ ನಮ್ಮಲ್ಲಿ ಶತಮಾನದಷ್ಟು ಹಳೆಯದು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನ ಮುಂದೆ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಡಾ. ಅಂಬೇಡ್ಕರರು ಅದನ್ನು ಬೆಂಬಲಿಸಿದರು. ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವಾದ್ದರಿಂದ ಆ ಖರ್ಚನ್ನು ಬಹುಮಟ್ಟಿಗೆ ಸರ್ಕಾರವೇ ಹೊರಬೇಕೆಂಬುದು ಅವರ ವಾದವಾಗಿತ್ತು. ಮರುವರ್ಷ ಕಾಯಿದೆ ಬಂತು; ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳೂ ಆ ಸರ್ಕಾರದ ಆಳ್ವಿಕೆಯಲ್ಲೇ ಇದ್ದವು. ಆದರೆ ಖರ್ಚು ಬಿದ್ದದ್ದು ಮಾಲಿಕನ ಮೇಲೆ. ಇಂದಿಗೂ ಬಹುಮಟ್ಟಿಗೆ ಅದೇ ಪದ್ಧತಿ. ಮಾಲಿಕನ ಹೆಗಲಿಗೆ ಭಾರ ಕಟ್ಟಿದರೆ ಅವನು ಮಾಡುವ ಉಪಾಯ ಒಂದೇ: ಬಸುರಿಯಾಗಬಹುದಾದ ಹೆಂಗಸನ್ನು ಕೆಲಸಕ್ಕೇ ತೆಗೆದುಕೊಳ್ಳದಿರುವುದು. ಮಾಲಿಕನೇ ಇಲ್ಲದ ಕೂಲಿ ಹೆಂಗಸಿಗಂತೂ ಅತ್ತ ಸರ್ಕಾರವೂ ಇಲ್ಲ, ಇತ್ತ ಮಾಲಿಕನೂ ಇಲ್ಲ.

ಎಣಿಸಲು ಮನಸ್ಸಿದ್ದ ಸರ್ಕಾರಗಳು ಬೇರೆಡೆ ಎಣಿಸಿವೆ. ಫ್ರಾನ್ಸಿನಲ್ಲಿ ಮೊದಲ ಮಗುವಿಗೆ ಹೆರಿಗೆ ರಜೆ 16 ವಾರ. ಅವಳಿಯಾದರೆ 34 ವಾರ, ಅದರಲ್ಲಿ 12 ವಾರ ಹೆರಿಗೆಗೆ ಮುಂಚೆಯೇ. ಫಿನ್ಲೆಂಡಿನಲ್ಲಿ 1938ರಿಂದ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೆ ಕೂಸಿನ ಬಟ್ಟೆಬರೆಯ ಪೆಟ್ಟಿಗೆಯೊಂದನ್ನು ಸರ್ಕಾರ ಕೊಡುತ್ತ ಬಂದಿದೆ. ಅವಳಿ ಹೆತ್ತವಳಿಗೆ ಎರಡಲ್ಲ, ಮೂರು ಪೆಟ್ಟಿಗೆ. ಎರಡು ಕೂಸಿನ ಕಷ್ಟ ಒಂದು ಕೂಸಿನ ಕಷ್ಟದ ಎರಡರಷ್ಟಕ್ಕಿಂತ ಹೆಚ್ಚೆಂದು ಅಲ್ಲಿ ಯಾರೋ ಗುಮಾಸ್ತೆಗೆ ಹೊಳೆದಿದೆ. ಅವರು ಸಿರಿವಂತ ದೇಶದವರು, ನಮ್ಮಲ್ಲಿ ಹಣವೆಲ್ಲಿ ಎನ್ನಬಹುದು. ಸಾವಿರ ಹೆರಿಗೆಯಲ್ಲಿ ಹತ್ತೋ ಹನ್ನೆರಡೋ ಇರುವ ಸಂಗತಿಗೆ ಎಷ್ಟು ಹಣ ಬೇಕು? ಅಪರೂಪವೆಂಬುದನ್ನು ಉಪೇಕ್ಷೆಗೆ ಕಾರಣವಾಗಿ ಹೇಳುವವರು ಖರ್ಚಿಗೆ ಬಂದಾಗಲೂ ಅದೇ ಅಪರೂಪವನ್ನು ನೆನೆಯಲಿ.

ಜನಸಂಖ್ಯೆಯ ಹೆಸರೆತ್ತಿ ಅಡ್ಡಗಾಲು ಹಾಕುವವರಿಗೂ ಒಂದು ಮಾತು. ಯಾವ ತಾಯಿಯೂ ಅರ್ಜಿ ಹಾಕಿ ಅವಳಿ ತರಿಸಿಕೊಳ್ಳುವುದಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ರಜೆಯನ್ನೂ ಹಾಲೂಡಿಸುವ ಬಿಡುವನ್ನೂ ಕೂಸಿನ ಲೆಕ್ಕದಲ್ಲಿ ಕೊಡಲಿ. ಮುಂದಿನ ಬಸಿರಿಗೆ ರಜೆ ಕಡಿತ ಮಾಡುವಾಗ ಹೆರಿಗೆಯ ಲೆಕ್ಕ ಹಿಡಿಯಲಿ. ಮಾತೃವಂದನಾ ಹಣ ಕೂಸಿಗೊಂದು ಪಾಲಾಗಿ, ಕೂಲಿ ಬಿಟ್ಟ ತಿಂಗಳಿನಿಂದಲೇ ಕೈಗೆ ಸಿಗಲಿ. ಅವಳಿ ಬಸುರಿಯ ತಾಯಿ ಕಾರ್ಡಿನ ಮೇಲೆ ಕೆಂಪು ಗುರುತು ಹಾಕಿದರಷ್ಟೇ ಸಾಲದು. ಆ ಗುರುತು ಕಂಡ ಕೂಡಲೆ ಊಟ ಮನೆಗೆ ಹೋಗುವಂತಿರಬೇಕು, ಜೊತೆಗೆ ಬಂದವರಿಗೆ ಬಸ್ಸಿನಲ್ಲಿ ಟಿಕೆಟ್ ಕೇಳದಂತಿರಬೇಕು. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಘೋಷಿಸಿತು. ನಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದೆಯೆ, ತೆರೆದಿದ್ದರೆ ಬೀಗದ ಕೈ ಯಾರ ಬಳಿ ಇದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳುವವರು ಬೇಕು. ಅಲ್ಲಿ ಎರಡು ಕೂಸುಗಳನ್ನು ಮಲಗಿಸಿದ ದಿನ, ಆ ಏಳನೆಯ ತರಗತಿಯ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕದೆ ಇಟ್ಟಿರಬೇಕೆಂದು ಶಾಲೆಯ ಮೇಷ್ಟರಿಗೆ ಹೇಳಿಬಂದಿದ್ದೇವೆ.